ಎಡಕ್ಕಿಟ್ಟ ಬಾಟಲಿ

ಜೇನು ಸೊಸೈಟಿಯಲ್ಲಿ ಕೆಲಸ ಎಂದಾಗ
ಜೇನಿನ ಕೆಲಸ ಎಂದುಕೊಂಡಿದ್ದೆ.
ಪಿಯುಸಿಯಲ್ಲಿ ಕೆಮಿಸ್ಟ್ರಿ ಕೈಕೊಟ್ಟ ವರ್ಷ.
ಭಾಗಮಂಡಲದಲ್ಲಿ ಹಂಚಿನ ಗೋದಾಮು,
ದಿನಕ್ಕೆ ಹದಿನೆಂಟು ರೂಪಾಯಿ,
ಮಧ್ಯಾಹ್ನದ ಚಹಾ ಸೊಸೈಟಿಯದ್ದು.

ಕೊಟ್ಟದ್ದು ಒಂದು ಬ್ರಷ್ಷು, ಸೋಡಾಪುಡಿಯ ಡಬ್ಬ,
ಗೋಣಿ ತುಂಬ ಹಳೇ ಬಾಟಲಿ.
ಒಂದರಲ್ಲಿ ಸೀಮೆಎಣ್ಣೆ ವಾಸನೆ, ಒಂದರಲ್ಲಿ ರಮ್ಮಿನದ್ದು,
ಒಂದರಲ್ಲಿ ಜಿರಲೆ, ಕಾಲು ಮೇಲೆ ಮಾಡಿ ಮಲಗಿದ್ದು.
ಜೇನು ಒಳಕೋಣೆಯ ಡ್ರಮ್ಮಿನಲ್ಲಿತ್ತು.
ಅಲ್ಲಿಗೆ ನನ್ನನ್ನು ಬಿಟ್ಟದ್ದು ಮೂರು ತಿಂಗಳ ಮೇಲೆ.

ಸ್ಟೋರ್ ಕೀಪರ್ ಪಳಂಗಪ್ಪ. ಮಾತು ಕಡಿಮೆ.
ತೊಳೆದದ್ದನ್ನು ಕಿಟಕಿಗೆ ಹಿಡಿದು
ಮೂರು ಎಣಿಸುವಷ್ಟು ಹೊತ್ತು ನೋಡುವರು.
(ನನ್ನನ್ನು ನೋಡಲು ಬಂದ ಗಂಡಿನವರೂ
ಅಷ್ಟು ನೋಡಿರಲಿಲ್ಲ.)
ಎಡಕ್ಕಿಟ್ಟರೆ ಪಾಸು.
ಬಲಕ್ಕಿಟ್ಟರೆ ಮತ್ತೆ ತೊಳೆ.
ಯಾಕೆಂದು ಹೇಳರು.
ನಾನೂ ಕೇಳಲಿಲ್ಲ, ಹದಿನೆಂಟರ ಜಂಬ.

ಕಕ್ಕಡ ಬಂತು.
ಹದಿನೆಂಟನೆಯ ದಿನ ಮದ್ದುಪುಟ್ಟಿನ ಮೇಲೆ ಸುರಿಯಲು
ಕೊಡಗಿನ ಮನೆಮನೆಗೂ ಜೇನು ಬೇಕು;
ಮಡಿಕೇರಿಯಿಂದ, ವಿರಾಜಪೇಟೆಯಿಂದ ಆರ್ಡರಿನ ಮೇಲೆ ಆರ್ಡರು.
ಒಂಬತ್ತು ದಿನದಿಂದ ಬಿಡದ ಮಳೆ.
ಗೋಡೆಯೇ ಬೆವರುವಾಗ ಬಾಟಲಿ ಒಣಗುವುದೆಲ್ಲಿ?
ಒಲೆ ಮೇಲಿನ ಅಟ್ಟದಲ್ಲಿ ಹಿಡಿಸುವುದು ಮೂವತ್ತೇ.

ಪಳಂಗಪ್ಪನಿಗೆ ಆ ದಿನ ಜ್ವರ.
ಗಂಟೆ ಐದೂಕಾಲು, ನಾಪೋಕ್ಲಿನ ಬಸ್ಸು ಐದೂವರೆಗೆ,
ಇನ್ನೂ ನಲವತ್ತು ಬಾಟಲಿ.
ಬೋರಲು ಹಾಕಿದೆ, ತಳ ತಟ್ಟಿದೆ,
ದಾವಣಿಯ ಚುಂಗು ತುರುಕಿ ತಿರುವಿದೆ.
ಕಿಟಕಿಯಲ್ಲೂ ಬೆಳಕಿರಲಿಲ್ಲ ಬಿಡಿ.
ಎಡಕ್ಕಿಟ್ಟವಳು ನಾನೇ.
ಬಸ್ಸು ಸಿಕ್ಕಿತು. ಸೀಟೂ ಸಿಕ್ಕಿತು.

ಕೈಲ್‌ಪೊಳ್ದ್ ಕಳೆದ ಮೇಲೆ ವಾಪಸು ಬಂತು ಪೆಟ್ಟಿಗೆ.
ಏಳು ಬಾಟಲಿಯ ಮುಚ್ಚಳ ಹಾರಿ, ನೊರೆ ಉಕ್ಕಿ,
ಹಳೇ ಕಳ್ಳಿನ ಹುಳಿ ವಾಸನೆ.
ಪಳಂಗಪ್ಪ ಒಂದು ಚಮಚ ತಾನು ನೆಕ್ಕಿ
ಒಂದು ಚಮಚ ನನಗೆ ಕೊಟ್ಟರು.
"ನೀರಿಗೆ ಅವಸರ ಇಲ್ಲ ಕುಂಞಿ,
ನಿನಗಿತ್ತು."
ಸಂಬಳದಲ್ಲಿ ಹಿಡಿಯಲಿಲ್ಲ. ಹಿಡಿದಿದ್ದರೆ ಹಗುರಾಗುತ್ತಿದ್ದೆ.

ಅಂದೇ ಬರಬೇಕೆ ಕುಡಿಯರ ಪೊನ್ನು, ಬಾಕಿ ಹಣಕ್ಕೆ!
ಬೆರಳದ್ದಿ ಬಾಯಿಗಿಟ್ಟು ಉಗಿದ:
"ಯಾರ ಜೇನಿದು?"
ರಿಜಿಸ್ಟರು ತಿರುವಿದರು ಪಳಂಗಪ್ಪ. "ನಿನ್ನದೇ."
ಪೊನ್ನು ಏನೂ ಅನ್ನಲಿಲ್ಲ.
ತನ್ನ ಎರಡೂ ಕೈ ಮುಂದೆ ಚಾಚಿ
ಅಂಗೈ ಮಗುಚಿ, ಮತ್ತೆ ಮಗುಚಿ ನೋಡಿಕೊಂಡ,
ತಪ್ಪು ಅಲ್ಲೆಲ್ಲೋ ಅಂಟಿರಬೇಕು ಎಂಬಂತೆ.

ಆಗ ಹೇಳಬೇಕಿತ್ತು.
ಬ್ರಷ್ಷು ಎತ್ತಿಕೊಂಡು ನಲ್ಲಿಗೆ ಹೋದೆ.

ಹೇಳಿದ್ದು ಮರುವರ್ಷ, ಅವನು ಟಿನ್ನು ಇಳಿಸುವಾಗ.
"ನೀರಾ?" ಎಂದ. "ಅಷ್ಟೇನಾ?"
ನಕ್ಕ. ಆಮೇಲೆ ನಗು ನಿಂತಿತು.
"ಬಲಿಗೆ ಮರದ ಪೊಟರೆ ಅದು, ನಮ್ಮಪ್ಪ ತೋರಿಸಿದ್ದು.
ಮರ ಕೆಟ್ಟಿತು ಅಂತ
ಈ ಸಲ ಹತ್ತಲೇ ಇಲ್ಲ ನಾನು."

ಒಂದು ಹನಿ. ವಿರಾಜಪೇಟೆಯ ಅಂಗಡಿಗೆ ಹೋದದ್ದು
ಬೆಟ್ಟ ಹತ್ತಿ ಆ ಮರದ ತನಕ ಹೋಗಿತ್ತು.

ಈಗ ಮಡಿಕೇರಿಯಲ್ಲಿ, ರಕ್ತ ಪರೀಕ್ಷೆಯ ಲ್ಯಾಬು.
(ಕೆಮಿಸ್ಟ್ರಿ ಮೂರನೇ ಸಲಕ್ಕೆ ಪಾಸಾಯಿತು.)
ತೊಳೆದ ಗಾಜನ್ನು ಕಿಟಕಿಗೆ ಹಿಡಿದು
ಮೂರು ಎಣಿಸುವುದು ಕೈಗೆ ಅಂಟಿದೆ.
ಪಳಂಗಪ್ಪ ಕಲಿಸಿದ್ದರಲ್ಲಿ ಒಂದನ್ನು ಮಾತ್ರ ಬಿಟ್ಟೆ,
ಆ ಮೌನವನ್ನು.
ಯಾಕೆಂದು ಮೊದಲೇ ಹೇಳಿದ್ದರೆ ಅವರು
ಒಂದು ಮರದ ಮೇಲಿನ ಅಪವಾದ ತಪ್ಪುತ್ತಿತ್ತೋ ಏನೋ.

ಹೊಸ ಹುಡುಗಿ ಜಲಜಾಕ್ಷಿ ಗಡಿಯಾರ ನೋಡುತ್ತಾಳೆ.
ಹತ್ತಿರ ಕರೆದು ಬೆಳಕಿಗೆ ಹಿಡಿಯುತ್ತೇನೆ:
ನೋಡು, ಇಲ್ಲಿ, ತಳದ ಅಂಚಿನಲ್ಲಿ.
ಕಂಡಿತಾ?
ಬೇಗ ಹೇಳಿ ಮುಗಿಸಬೇಕು.
ಅವಳಿಗೂ ಐದೂವರೆಗೆ ಬಸ್ಸಿದೆ.